ಜಾನ್ ವಾಟರ್ಸ್ ಪೋಲಿ ಹಾಸ್ಯಕ್ಕೆ ಮರಳಿದ್ದೇಕೆ?

ಪ್ರಶ್ನೆ: ಜಾನ್ ವಾಟರ್ಸ್ ನಿರ್ದೇಶಿಸಿದ 'ಹೇರ್‌ಸ್ಪ್ರೇ' (1988) ಚಿತ್ರವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿ ಖುಷಿಪಟ್ಟೆವು. ಅದೇ ಭರವಸೆಯಲ್ಲಿ ಅವರ 'ಎ ಡರ್ಟಿ ಶೇಮ್' (2004) ಹಾಕಿದೆ. ಕಾಲು ಗಂಟೆಯೊಳಗೆ ಹಿರಿಯರು ಎದ್ದು ಹೋದರು. ನಾನೊಬ್ಬನೇ ಕೊನೆಯವರೆಗೆ ನೋಡಿದೆ. ನಕ್ಕೆ, ಮುಜುಗರವನ್ನೂ ಪಟ್ಟೆ. ಅಷ್ಟು ಒಳ್ಳೆಯ ಹೆಸರು ಬಂದ ಮೇಲೆ, 58ರ ವಯಸ್ಸಿನಲ್ಲಿ, ಈ ಪೋಲಿ ಹಾಸ್ಯಕ್ಕೆ ಅವರೇಕೆ ಹಿಂದಿರುಗಿದರು? ಇದರಲ್ಲಿ ಕಲೆ ಎನ್ನುವಂಥದ್ದು ಇದೆಯೇ? ನೋಡುವಾಗ ನಮ್ಮ ಕೊಡಗಿನ ಕಡೆಯ ಕುಂಡೆ ಹಬ್ಬದ ಬೈಗುಳ ನೆನಪಾಯಿತು. ಹೋಲಿಕೆ ಸರಿಯೇ?
(ಗೋಣಿಕೊಪ್ಪಲಿನ ಓದುಗರೊಬ್ಬರು)

ಉತ್ತರ: ನಿಮ್ಮ ಹಿರಿಯರು ಎದ್ದು ಹೋದದ್ದರಲ್ಲಿ ತಪ್ಪೇನೂ ಇಲ್ಲ. ಅಮೆರಿಕದಲ್ಲಿಯೇ ಆ ಚಿತ್ರಕ್ಕೆ ಸಿಕ್ಕಿದ್ದು 'ಎನ್‌ಸಿ-17' ದರ್ಜೆ. ಹದಿನೇಳು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಚಿತ್ರಮಂದಿರದೊಳಗೆ ಪ್ರವೇಶವಿಲ್ಲ ಎಂದು ಅದರ ಅರ್ಥ. ಆದರೆ ನಿಮ್ಮ ಪ್ರಶ್ನೆಯೊಳಗೊಂದು ಊಹೆ ಇದೆ. ವಾಟರ್ಸ್ ಸಭ್ಯ ಚಿತ್ರಗಳ ನಿರ್ದೇಶಕ, ಇಳಿವಯಸ್ಸಿನಲ್ಲಿ ದಾರಿ ಬಿಟ್ಟರು ಎಂಬಂತೆ ನೀವು ಕೇಳಿದ್ದೀರಿ. ಅವರ ಬದುಕಿನಲ್ಲಿ 'ಹೇರ್‌ಸ್ಪ್ರೇ'ಯೇ ಅಪವಾದ. ಅದಕ್ಕೆ ಮುಂಚಿನ ಇಪ್ಪತ್ತು ವರ್ಷ ಅವರು ಮಾಡಿದ್ದೆಲ್ಲ ನಿಮ್ಮ ಹಿರಿಯರು ಕಾಲು ಗಂಟೆಯಲ್ಲ, ಐದು ನಿಮಿಷವೂ ಕೂರಲಾರದಂಥ ಚಿತ್ರಗಳು.

ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಉತ್ತರ ಅಲ್ಲಿಯೇ ಇದೆ. ವಾಟರ್ಸ್ ಹುಟ್ಟಿದ್ದು 1946ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಬಂದರು ನಗರ ಬಾಲ್ಟಿಮೋರಿನಲ್ಲಿ. ಬೆಳೆದದ್ದು ನಗರದ ಅಂಚಿನ ಲೂಥರ್ವಿಲ್ ಎಂಬ ಬಡಾವಣೆಯಲ್ಲಿ, ಅನುಕೂಲಸ್ಥ ಕ್ಯಾಥೊಲಿಕ್ ಮನೆಯಲ್ಲಿ. ಹದಿಹರೆಯದಲ್ಲಿ ಅವರಿಗೆ ಗೆಳೆಯನಾಗಿ ಸಿಕ್ಕವನು ಗ್ಲೆನ್ ಮಿಲ್‌ಸ್ಟೆಡ್, ಶಾಲೆಯಲ್ಲಿ ಹುಡುಗರ ಕೈಯಲ್ಲಿ ಪೆಟ್ಟು ತಿನ್ನುತ್ತಿದ್ದ ದಪ್ಪನೆಯ, ಮೆತ್ತನೆಯ ಹುಡುಗ. ಅವನಿಗೆ 'ಡಿವೈನ್' ಎಂದು ಹೆಸರಿಟ್ಟು, ಹೆಣ್ಣುವೇಷ ಹಾಕಿಸಿ, ಜಗತ್ತಿನ ಅತಿ ಭಯಂಕರ ನಾಯಕಿಯನ್ನಾಗಿ ಮಾಡಿದವರು ವಾಟರ್ಸ್. ಸುತ್ತಮುತ್ತಲಿನ ಇನ್ನಷ್ಟು ಗೆಳೆಯರು ಸೇರಿಕೊಂಡರು: ಮಿಂಕ್ ಸ್ಟೋಲ್, ಮೇರಿ ವಿವಿಯನ್ ಪಿಯರ್ಸ್, ಡೇವಿಡ್ ಲೊಕರಿ, ಮದ್ಯದಂಗಡಿಯಲ್ಲಿ ಕೆಲಸಕ್ಕಿದ್ದ ಎಡಿತ್ ಮ್ಯಾಸಿ. ಚಿತ್ರ ಮಾಡಲು ಹಣ ಸಾಲ ಕೊಟ್ಟದ್ದು ವಾಟರ್ಸ್ ಅವರ ತಂದೆ. ಮಗ ಮಾಡುತ್ತಿದ್ದುದು ಅವರಿಗೆ ಹಿಡಿಸುವಂಥದ್ದಲ್ಲ. ಆದರೂ ಕೊಟ್ಟರು, ಮಗ ಅದನ್ನು ಹಿಂದಿರುಗಿಸಿದರು. ಆರಂಭದ ಪ್ರದರ್ಶನಗಳು ನಡೆದದ್ದು ಬಾಡಿಗೆಗೆ ಹಿಡಿದ ಚರ್ಚ್ ಸಭಾಂಗಣಗಳಲ್ಲಿ. 1968ರಲ್ಲಿ 'ಮೊಂಡೊ ಟ್ರಾಶೊ' ಚಿತ್ರಕ್ಕಾಗಿ ವಿಶ್ವವಿದ್ಯಾಲಯದ ಆವರಣವೊಂದರಲ್ಲಿ ಬೆತ್ತಲೆ ದೃಶ್ಯ ತೆಗೆಯಲು ಹೋಗಿ ತಂಡದವರು ಬಂಧನಕ್ಕೊಳಗಾದರು.

ಆಮೇಲೆ ಬಂದದ್ದು 'ಪಿಂಕ್ ಫ್ಲೆಮಿಂಗೋಸ್' (1972). ಖರ್ಚು ಹತ್ತು ಹನ್ನೆರಡು ಸಾವಿರ ಡಾಲರ್. 'ಬದುಕಿರುವವರಲ್ಲಿ ಅತ್ಯಂತ ಹೊಲಸು ವ್ಯಕ್ತಿ' ಎಂಬ ಬಿರುದಿಗಾಗಿ ಎರಡು ಕುಟುಂಬಗಳ ನಡುವೆ ನಡೆಯುವ ಜಿದ್ದು ಅದರ ಕತೆ. ಕೊನೆಯಲ್ಲಿ ಡಿವೈನ್ ಬೀದಿಯಲ್ಲಿ ನಾಯಿಯ ಹೇಲನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುವ ದೃಶ್ಯವಿದೆ. ಅದರಲ್ಲಿ ಯಾವ ಕ್ಯಾಮೆರಾ ಚಮತ್ಕಾರವೂ ಇಲ್ಲ, ಹೇಲು ನಿಜವಾದದ್ದೇ. ಐವತ್ತು ವರ್ಷವಾದರೂ ಜನ ಆ ಒಂದು ದೃಶ್ಯವನ್ನೇ ಹಿಡಿದು ಮಾತನಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಚಿತ್ರದ ಕಟ್ಟುವಿಕೆ. ಆಗ ಅವರ ಬಳಿ ಇದ್ದದ್ದು ಟಿ.ವಿ. ಸುದ್ದಿಗಾರರು ಬಳಸುತ್ತಿದ್ದಂಥ 16 ಎಂ.ಎಂ. ಕ್ಯಾಮೆರಾ. ಚಿತ್ರವೂ ಧ್ವನಿಯೂ ಒಂದೇ ರೀಲಿನ ಮೇಲೆ ದಾಖಲಾಗುವ ವ್ಯವಸ್ಥೆ ಅದು. ಅಂಥ ರೀಲಿನಲ್ಲಿ ಧ್ವನಿ ಇರುವುದು ತನ್ನ ಚಿತ್ರದ ಪಕ್ಕದಲ್ಲಲ್ಲ, ಕೆಲವು ಚೌಕಟ್ಟುಗಳಷ್ಟು ದೂರದಲ್ಲಿ. ಎಲ್ಲೆಂದರಲ್ಲಿ ಕತ್ತರಿ ಹಾಕಿದರೆ ಮಾತು ತುಂಡಾಗುತ್ತದೆ. ಹಾಗಾಗಿ ನಟರು ಪುಟಗಟ್ಟಲೆ ಸಂಭಾಷಣೆಯನ್ನು ಬಾಯಿಪಾಠ ಮಾಡಿ, ಒಂದೇ ಉಸಿರಿಗೆ ಒಪ್ಪಿಸಬೇಕಿತ್ತು. ನಮ್ಮ ಕಂಪನಿ ನಾಟಕದ ಖಳನಾಯಕರು ಕೊನೆಯ ಸಾಲಿನವರಿಗೂ ಕೇಳುವಂತೆ ಏರುದನಿಯಲ್ಲಿ ಆರ್ಭಟಿಸುತ್ತಾರಲ್ಲ, ಹಾಗೆ ಅವರೆಲ್ಲ ಕಿರುಚುತ್ತಾರೆ. ಬಡತನದಿಂದ ಹುಟ್ಟಿದ ಆ ಕಿರುಚಾಟವೇ ವಾಟರ್ಸ್ ಶೈಲಿಯಾಯಿತು. ಮುಂದೆ ಕೈಯಲ್ಲಿ ಹಣ ಬಂದಾಗ ಇದೇ ತೊಡಕಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಈ ಚಿತ್ರ ಹೆಸರು ಮಾಡಿದ್ದು ನ್ಯೂಯಾರ್ಕಿನ ಎಲ್ಜಿನ್ ಚಿತ್ರಮಂದಿರದ ಮಧ್ಯರಾತ್ರಿ ಪ್ರದರ್ಶನಗಳಲ್ಲಿ, 1973ರಿಂದ. ಈಗ ನಿಮ್ಮ ಕುಂಡೆ ಹಬ್ಬಕ್ಕೆ ಬರುತ್ತೇನೆ. ದೇವರಪುರದಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ನಡೆಯುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಬೇಟೆಗೆ ಕರೆದೊಯ್ದ ಅಯ್ಯಪ್ಪ, ನಡುವೆ ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಿನಲ್ಲಿ ಕೈಬಿಟ್ಟನೆಂದು ಕಾಡಿನ ಮಕ್ಕಳು ದೇವರನ್ನೇ ಬೈಯುತ್ತಾರೆ; ಗಂಡಸರು ಹೆಣ್ಣುವೇಷ ಹಾಕುತ್ತಾರೆ; ವರ್ಷವಿಡೀ ಯಾರ ತೋಟದಲ್ಲಿ ತಲೆ ತಗ್ಗಿಸಿ ದುಡಿದರೋ ಅವರ ಎದುರೇ ನಿಂತು ಬಾಯಿಗೆ ಬಂದದ್ದನ್ನು ಹಾಡಿ ಕಾಸು ಪಡೆಯುತ್ತಾರೆ. ಸಂಜೆಗೆ ದೇವರಲ್ಲಿ ತಪ್ಪಾಯಿತೆಂದು ಕೇಳಿಕೊಂಡು ಮುಗಿಸುತ್ತಾರೆ. ಕೆಳಗಿದ್ದವರು ಮೇಲಿದ್ದವರನ್ನು ಬೈಯಲು ಸಿಗುವ ಒಂದು ದಿನ ಅದು. ನಿಮ್ಮ ಹೋಲಿಕೆ ಆ ಮಟ್ಟಿಗೆ ಬಹಳ ಸರಿಯಾಗಿದೆ. ಆದರೆ ಆ ಹಬ್ಬಕ್ಕೆ ಊರಿನ ಒಪ್ಪಿಗೆಯಿದೆ, ತಿಥಿಯಿದೆ, ಕೊನೆಯಲ್ಲಿ ಕ್ಷಮೆಯಿದೆ. ಬಾಲ್ಟಿಮೋರಿನ ಹುಡುಗನಿಗೆ ಅಂಥ ದಿನವನ್ನು ಯಾರೂ ಕೊಟ್ಟಿರಲಿಲ್ಲ. ಮಧ್ಯರಾತ್ರಿಯ ಪ್ರದರ್ಶನವೇ ಅವರು ಮತ್ತು ಅವರ ಪ್ರೇಕ್ಷಕರು ಸೇರಿ ಮಾಡಿಕೊಂಡ ಹಬ್ಬ. ಊರು ಮಲಗಿದ ಮೇಲೆ ಸಲಿಂಗಿಗಳು, ಪುಂಡರು, ಮನೆ ಬಿಟ್ಟ ಹುಡುಗರು, ಕಲಾಶಾಲೆಯ ವಿದ್ಯಾರ್ಥಿಗಳು ಬಂದು ಸೇರುತ್ತಿದ್ದರು. ಒಬ್ಬರೇ ನೋಡಿದರೆ ಹೇಸಿಗೆಯಾಗುವುದನ್ನು ನೂರು ಜನ ಒಟ್ಟಿಗೆ ನೋಡಿದಾಗ ನಗು ಬರುತ್ತದೆ. ಕ್ಷಮೆ ಕೇಳುವ ಭಾಗ ಮಾತ್ರ ಇಲ್ಲಿ ಇರಲಿಲ್ಲ.

ಎದುರಾಳಿಯೂ ಇದ್ದರು. ಮೇರಿಲ್ಯಾಂಡಿನಲ್ಲಿ 1916ರಿಂದ 1981ರವರೆಗೆ ರಾಜ್ಯದ್ದೇ ಆದ ಸೆನ್ಸಾರ್ ಮಂಡಳಿ ಇತ್ತು; ಅಮೆರಿಕದಲ್ಲಿ ಕೊನೆಯವರೆಗೆ ಉಳಿದ ರಾಜ್ಯ ಮಂಡಳಿ ಅದೇ. ಅದರ ಸದಸ್ಯೆ ಮೇರಿ ಅವಾರಾ ಎಂಬ ಹಿರಿಯ ಹೆಂಗಸು ವಾಟರ್ಸ್ ಚಿತ್ರಗಳನ್ನು ಕಂಡರೆ ಉರಿದುಬೀಳುತ್ತಿದ್ದರು. ಅವರು ಬೈದಷ್ಟೂ ಚಿತ್ರಕ್ಕೆ ಪ್ರಚಾರ ಸಿಗುತ್ತಿತ್ತು. ಎಲ್ಲೆ ಮೀರುವವನಿಗೆ ಎಲ್ಲೆ ಕಾಯುವವರು ಬೇಕೇ ಬೇಕು. ಬೇಲಿ ಕಣ್ಣಿಗೆ ಕಾಣುತ್ತಿದ್ದರೆ ತಾನೇ ಹಾರಿದ್ದು ಗೊತ್ತಾಗುವುದು?

ನಂತರದ ಕತೆಯನ್ನು ಬೇಗ ಹೇಳಿಬಿಡುತ್ತೇನೆ. 'ಫೀಮೇಲ್ ಟ್ರಬಲ್' (1974), 'ಡೆಸ್ಪರೇಟ್ ಲಿವಿಂಗ್' (1977) ಹಳೆಯ ದಾರಿಯಲ್ಲಿಯೇ ಬಂದವು. 'ಪಾಲಿಯೆಸ್ಟರ್' (1981) ಚಿತ್ರಕ್ಕೆ ಟಿಕೆಟಿನ ಜೊತೆ ಒಂದು ಕಾರ್ಡು ಕೊಡುತ್ತಿದ್ದರು. ಪರದೆಯ ಮೇಲೆ ಸಂಖ್ಯೆ ಮೂಡಿದಾಗ ಕಾರ್ಡಿನ ಮೇಲಿನ ಅದೇ ಸಂಖ್ಯೆಯನ್ನು ಕೆರೆದು ಮೂಸಬೇಕು; ಒಟ್ಟು ಹತ್ತು ವಾಸನೆಗಳು, ಗುಲಾಬಿಯಿಂದ ಹಿಡಿದು ಹಳೆಯ ಬೂಟಿನವರೆಗೆ. 1988ರಲ್ಲಿ ನೀವು ಮೆಚ್ಚಿದ 'ಹೇರ್‌ಸ್ಪ್ರೇ' ಬಂತು. ಅದು ತೆರೆಕಂಡ ಕೆಲವೇ ದಿನಗಳಲ್ಲಿ, ಮಾರ್ಚ್ 7ರಂದು, ಡಿವೈನ್ 42ನೆಯ ವಯಸ್ಸಿನಲ್ಲಿ ನಿದ್ದೆಯಲ್ಲಿಯೇ ತೀರಿಕೊಂಡರು. ಆಮೇಲೆ ಜಾನಿ ಡೆಪ್ ಜೊತೆ 'ಕ್ರೈ-ಬೇಬಿ' (1990), ಕ್ಯಾಥ್ಲೀನ್ ಟರ್ನರ್ ಜೊತೆ 'ಸೀರಿಯಲ್ ಮಾಮ್' (1994), ಹೀಗೆ ಹಾಲಿವುಡ್ ತಾರೆಯರ ಚಿತ್ರಗಳು. 2002ರಲ್ಲಿ 'ಹೇರ್‌ಸ್ಪ್ರೇ' ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಸಂಗೀತ ನಾಟಕವಾಯಿತು, ಮರುವರ್ಷ ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳಲ್ಲಿ ಎಂಟನ್ನು ಗೆದ್ದಿತು. ನಾಯಿಯ ಹೇಲಿನಿಂದ ಹೆಸರಾದ ನಿರ್ದೇಶಕನ ಕತೆಯನ್ನು ಈಗ ಶಾಲಾ ಮಕ್ಕಳೂ ರಂಗದ ಮೇಲೆ ಆಡಬಹುದಾಗಿತ್ತು.

ಬಾಗಿಲುಗಳೆಲ್ಲ ತೆರೆದಿದ್ದ ಈ ಹೊತ್ತಿನಲ್ಲಿ, 2004ರ ಸೆಪ್ಟೆಂಬರಿನಲ್ಲಿ, ಅವರು ತಂದದ್ದು 'ಎ ಡರ್ಟಿ ಶೇಮ್'. ನೀವು ನೋಡಿದ್ದೀರಿ, ನೋಡದವರಿಗಾಗಿ ಕತೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಬಾಲ್ಟಿಮೋರಿನ ಹಾರ್ಫರ್ಡ್ ರಸ್ತೆಯಲ್ಲಿ ಅಂಗಡಿ ನಡೆಸುವ ಕುಟುಂಬದ ಸಿಲ್ವಿಯಾ (ಟ್ರೇಸಿ ಉಲ್ಮನ್) ಮಹಾ ಮಡಿವಂತೆ. ಗಂಡನನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಕ್ಲಬ್ಬಿನಲ್ಲಿ ಕುಣಿಯುವ ಮಗಳನ್ನು ಮನೆಯೊಳಗೆ ಕೂಡಿಹಾಕಿದ್ದಾಳೆ. ಒಂದು ದಿನ ತಲೆಗೆ ಪೆಟ್ಟು ಬಿದ್ದು ಅವಳಲ್ಲಿ ಕಾಮ ಕೆರಳುತ್ತದೆ. ಕೆಟ್ಟ ಕಾರುಗಳನ್ನು ಎಳೆದೊಯ್ಯುವ ಲಾರಿಯ ಚಾಲಕ ರೇ-ರೇ (ಜಾನಿ ನಾಕ್ಸ್‌ವಿಲ್) ಇಂಥವರ ಗುಂಪಿನ ಗುರು. ಅವನಿಗೆ ಶಿಷ್ಯರೂ ಇದ್ದಾರೆ. ಮಾನವಕುಲ ಇನ್ನೂ ಕಂಡಿರದ ಹೊಸದೊಂದು ರತಿಕ್ರಿಯೆಯನ್ನು ಹುಡುಕುವುದು ಅವರ ಸಾಧನೆ. ಇದನ್ನು ತಡೆಯಲು ಸಿಲ್ವಿಯಾಳ ತಾಯಿಯ ಮುಂದಾಳತ್ವದಲ್ಲಿ ನೆರೆಹೊರೆಯ ಮಡಿವಂತರು ಸಂಘ ಕಟ್ಟುತ್ತಾರೆ. ಇನ್ನೊಂದು ಪೆಟ್ಟು ಬಿದ್ದರೆ ಪೋಲಿ ಮತ್ತೆ ಮಡಿವಂತ. ಮತ್ತೊಂದು ಬಿದ್ದರೆ ಮಡಿವಂತ ಮತ್ತೆ ಪೋಲಿ.

ಈಗ ಇದನ್ನು 'ಹೇರ್‌ಸ್ಪ್ರೇ' ಪಕ್ಕ ಇಟ್ಟು ನೋಡಿ. ಅಲ್ಲಿ 1962ರ ಬಾಲ್ಟಿಮೋರ್. ಟಿ.ವಿ.ಯ ನೃತ್ಯ ಕಾರ್ಯಕ್ರಮದಲ್ಲಿ ತೆಳ್ಳಗಿನ ಬಿಳಿಯ ಹುಡುಗ ಹುಡುಗಿಯರಿಗಷ್ಟೇ ಜಾಗ. ದಪ್ಪ ಹುಡುಗಿ ಟ್ರೇಸಿ ಅದರೊಳಗೆ ನುಗ್ಗುತ್ತಾಳೆ, ಕಪ್ಪು ಗೆಳೆಯರನ್ನೂ ಒಳಗೆ ತರಲು ಹೋರಾಡುತ್ತಾಳೆ. ಹಿಂದೆ ನಿಂತ ನಿಜ ಸಂಗತಿ ಕಹಿಯಾದದ್ದು: ಚಿತ್ರಕ್ಕೆ ಪ್ರೇರಣೆಯಾದ 'ಬಡ್ಡಿ ಡೀನ್ ಶೋ' ಎಂಬ ಸ್ಥಳೀಯ ಕಾರ್ಯಕ್ರಮ 1964ರಲ್ಲಿ ನಿಂತೇ ಹೋಯಿತು, ಏಕೆಂದರೆ ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಕುಣಿಯುವುದನ್ನು ಒಪ್ಪುವ ಬದಲು ಕಾರ್ಯಕ್ರಮವನ್ನೇ ಮುಚ್ಚಲಾಯಿತು. ವಾಟರ್ಸ್ ತಮ್ಮ ಚಿತ್ರದಲ್ಲಿ ಆ ಇತಿಹಾಸವನ್ನು ತಿದ್ದಿ ಎಲ್ಲರನ್ನೂ ಒಟ್ಟಿಗೆ ಕುಣಿಸಿದರು.

'ಎ ಡರ್ಟಿ ಶೇಮ್'ನಲ್ಲಿ ಆಗುವುದೂ ಇದೇ. ಊರು 'ನಮ್ಮ ಬೀದಿಯಲ್ಲಿ ಇವರು ಬೇಡ' ಎನ್ನುವ ಒಂದು ಗುಂಪು. ಆ ಗುಂಪಿಗೆ ತನ್ನದೇ ಸೊಗಸು, ತನ್ನದೇ ಭಾಷೆ, ತನ್ನದೇ ಕುಣಿತ. ನಡುವೆ ಪಕ್ಷ ಬದಲಿಸುವ ಮನೆಯ ಹೆಣ್ಣು. ಕೊನೆಯಲ್ಲಿ ಬೀದಿಯೇ ಅವರ ವಶ. ಅಸ್ಥಿಪಂಜರ ಒಂದೇ, ಮೈ ಬೇರೆ. ಆದ್ದರಿಂದ ಅವರು ಎಲ್ಲಿಗೂ 'ಮರಳಿದರು' ಎಂದು ನಾನು ಒಪ್ಪುವುದಿಲ್ಲ. ಅವರು ಹೊರಟೇ ಇರಲಿಲ್ಲ. ನಿಮ್ಮ ಮನೆಯವರು ಖುಷಿಯಿಂದ ನೋಡಿದ ಕತೆ ಮತ್ತು ಎದ್ದು ಹೋದ ಕತೆ, ಎರಡೂ ಒಂದೇ. ಮೊದಲನೆಯದರಲ್ಲಿ ಹೊರಗಿನವರನ್ನು ಒಳಗೆ ಸೇರಿಸಿಕೊಳ್ಳಲು ಇಂದಿನ ನಮಗೆ ಯಾವ ಕಷ್ಟವೂ ಇಲ್ಲ. ಎರಡನೆಯದರಲ್ಲಿ ಕಷ್ಟವಾಗುತ್ತದೆ. ಆ ಕಷ್ಟವನ್ನು ಮುಟ್ಟಿ ನೋಡುವುದೇ ವಾಟರ್ಸ್ ಕೆಲಸ. ಅವರಂತೂ 'ಹೇರ್‌ಸ್ಪ್ರೇ'ಯೇ ತಮ್ಮ ಚಿತ್ರಗಳಲ್ಲಿ ಎಲ್ಲಕ್ಕಿಂತ ಬುಡಮೇಲು ಮಾಡುವಂಥದ್ದು ಎಂದು ಹಲವು ಸಲ ಹೇಳಿದ್ದಾರೆ, ಏಕೆಂದರೆ ಸಭ್ಯರ ಮನೆಯೊಳಗೆ ಯಾರಿಗೂ ಗೊತ್ತಾಗದಂತೆ ನುಸುಳಿದ್ದು ಅದೊಂದೇ. ಸಂಭಾವಿತ ಕುಟುಂಬಗಳು ಮಕ್ಕಳೊಂದಿಗೆ ಕುಳಿತು, ಹೆಣ್ಣುವೇಷದ ಗಂಡಸು ತಾಯಿಯಾಗಿರುವ ಮನೆಯನ್ನು ಕಣ್ತುಂಬ ನೋಡಿ ಪ್ರೀತಿಸಿದವು.

ಹಾಗಾದರೆ 'ಎ ಡರ್ಟಿ ಶೇಮ್' ಏಕೆ ಸೋತಿತು? ಮೊದಲು ವ್ಯಾಪಾರದ ಮಾತು. 'ಎನ್‌ಸಿ-17' ಎಂಬ ದರ್ಜೆ 1990ರಲ್ಲಿ ಹಳೆಯ 'ಎಕ್ಸ್' ದರ್ಜೆಯ ಬದಲು ಬಂದದ್ದು. ವಯಸ್ಕರ ಗಂಭೀರ ಚಿತ್ರಗಳಿಗೆ ಗೌರವದ ಜಾಗವಾಗಲಿ ಎಂಬ ಆಸೆ ಇತ್ತು. ಆದದ್ದು ಬೇರೆ: ಹಲವು ಚಿತ್ರಮಂದಿರಗಳು ಆ ದರ್ಜೆಯ ಚಿತ್ರ ಹಾಕುತ್ತಿರಲಿಲ್ಲ, ಹಲವು ಪತ್ರಿಕೆಗಳು ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ, ಆಗಿನ ದೊಡ್ಡ ವಿಡಿಯೊ ಅಂಗಡಿಗಳು ಕಪಾಟಿನಲ್ಲಿ ಇಡುತ್ತಿರಲಿಲ್ಲ. ಈ ಚಿತ್ರಕ್ಕೆ, ದರ್ಜೆ ನಿರ್ಧರಿಸುವ ಚಿತ್ರೋದ್ಯಮದ ಮಂಡಳಿ ಕೊಟ್ಟ ಕಾರಣ, ಚಿತ್ರದುದ್ದಕ್ಕೂ ಹರಡಿರುವ ಲೈಂಗಿಕ ವಿಷಯ. ಎಲ್ಲಿ ಕತ್ತರಿಸಬೇಕು ಹೇಳಿ ಎಂದು ಕೇಳಿದರೆ, ಇಂತಿಂಥದ್ದೆಂದು ಗುರುತು ಹಾಕುವುದನ್ನು ಅವರು ನಡುವೆಯೇ ಬಿಟ್ಟಿದ್ದರಂತೆ. ಗಮನಿಸಿ, ಅದರಲ್ಲಿ ರಕ್ತವಿಲ್ಲ, ಯಾರ ಮೇಲೂ ಬಲಾತ್ಕಾರವಿಲ್ಲ, ಲೈಂಗಿಕ ಕ್ರಿಯೆಯನ್ನು ನಿಜವಾಗಿ ತೋರಿಸುವುದೂ ಇಲ್ಲ. ಇರುವುದು ಹೆಚ್ಚಾಗಿ ಮಾತು. ಜನ ಗುಟ್ಟಿನಲ್ಲಿ ಬಳಸುವ ಪದಗಳನ್ನು ಬೀದಿಯಲ್ಲಿ ಗಟ್ಟಿಯಾಗಿ ಆಡಿದ್ದಕ್ಕೆ ಈ ಶಿಕ್ಷೆ. ವಾಟರ್ಸ್ ಮೇಲ್ಮನವಿ ಹಾಕಿದರು, ಸೋತರು. ಸುಮಾರು 1.5 ಕೋಟಿ ಡಾಲರ್ ವೆಚ್ಚದ್ದೆಂದು ಹೇಳಲಾದ ಚಿತ್ರದ ಗಳಿಕೆ ಇಪ್ಪತ್ತು ಲಕ್ಷ ಡಾಲರನ್ನೂ ಮುಟ್ಟಲಿಲ್ಲ. ಡಿವಿಡಿಗಾಗಿ ಕತ್ತರಿಸಿ ಸಪ್ಪೆ ಮಾಡಿದ ಇನ್ನೊಂದು ಆವೃತ್ತಿಯೂ ಬಂತು. ನೀವು ಅದನ್ನು ನೋಡಿಲ್ಲ ಎಂದುಕೊಳ್ಳುತ್ತೇನೆ, ನೋಡಬೇಡಿ.

ಆದರೆ ಎಲ್ಲ ಹೊಣೆಯನ್ನೂ ಮಂಡಳಿಯ ಮೇಲೆ ಹೊರಿಸಿದರೆ ನಾನು ಪ್ರಾಮಾಣಿಕನಾಗುವುದಿಲ್ಲ. ಚಿತ್ರದ ಮೊದಲರ್ಧ ಗಂಟೆ ನನಗೆ ತುಂಬ ಪ್ರಿಯ. ವೃದ್ಧಾಶ್ರಮದಲ್ಲಿ ಹಿರಿಯರ ಜೊತೆ 'ಹೋಕಿ ಪೋಕಿ' ಕುಣಿಯುವ ದೃಶ್ಯವಿದೆಯಲ್ಲ, ಬಲಗೈ ಒಳಗೆ, ಬಲಗೈ ಹೊರಗೆ ಎಂದು ಮಕ್ಕಳು ಹಾಡುವ ಹಾಡಿಗೆ, ಅಲ್ಲಿ ಟ್ರೇಸಿ ಉಲ್ಮನ್ ಮುಖದಲ್ಲಿ ಮಡಿವಂತಿಕೆಯ ಬಿಗುವೂ ಹೊಸ ಹುಚ್ಚಿನ ಆನಂದವೂ ಒಟ್ಟಿಗೆ ಇವೆ. ಅಂಥ ನಟನೆಗೆ ಪ್ರಶಸ್ತಿ ಕೊಡುವವರಿಲ್ಲ ಎಂಬುದು ನನ್ನ ನಿಜವಾದ ದುಃಖ. ಅದಾದ ಮೇಲೆ ಚಿತ್ರ ಸೊರಗುತ್ತದೆ. ಪೆಟ್ಟು, ಬದಲಾವಣೆ, ಇನ್ನೊಂದು ಪೆಟ್ಟು, ಮತ್ತೆ ಬದಲಾವಣೆ ಎಂಬ ಒಂದೇ ಹೂರಣವನ್ನು ಎಷ್ಟು ಹೋಳಿಗೆಗೆ ತುಂಬಲು ಸಾಧ್ಯ?

ಕಾಲವೂ ಬದಲಾಗಿತ್ತು. 1990ರ ದಶಕದ ಕೊನೆಗೆ ಹಾಲಿವುಡ್‌ನ ದೊಡ್ಡ ಸಂಸ್ಥೆಗಳೇ ದೇಹದ್ರವಗಳ ಹಾಸ್ಯವನ್ನು ಕೋಟಿಗಟ್ಟಲೆ ಹಣ ಹಾಕಿ ಮಾಡತೊಡಗಿದ್ದವು. ಇಲ್ಲಿ ರೇ-ರೇ ಆಗಿರುವ ಜಾನಿ ನಾಕ್ಸ್‌ವಿಲ್ ಹೆಸರು ಮಾಡಿದ್ದೇ 'ಜ್ಯಾಕ್ಯಾಸ್' ಎಂಬ ಟಿ.ವಿ. ಸರಣಿಯಿಂದ, ಮೈಗೆ ಗಾಯ ಮಾಡಿಕೊಂಡು, ಹೊಲಸಿನಲ್ಲಿ ಬಿದ್ದು ನಗಿಸುವ ಯುವಕರ ತಂಡ ಅದು. 1972ರಲ್ಲಿ ಡಿವೈನ್ ಒಬ್ಬರೇ ಮಾಡಿದ್ದನ್ನು 2002ರ ಹೊತ್ತಿಗೆ ದೇಶದ ಹುಡುಗರೆಲ್ಲ ಮನೆಯಲ್ಲಿ ಕುಳಿತು ನೋಡುತ್ತಿದ್ದರು. ಮಧ್ಯರಾತ್ರಿ ಪ್ರದರ್ಶನದ ಸಂಸ್ಕೃತಿಯನ್ನು ವಿಡಿಯೊ ಯುಗ ಅದಕ್ಕೂ ಮೊದಲೇ ನುಂಗಿತ್ತು. ಹಬ್ಬದ ದಿನವಿಲ್ಲದೆ ಹಬ್ಬದ ಬೈಗುಳ ಮಾತ್ರ ಉಳಿದರೆ ಹೇಗೋ, 'ಎ ಡರ್ಟಿ ಶೇಮ್' ಹಗಲಿನ ಆಟದಲ್ಲಿ, ಖಾಲಿ ಕುರ್ಚಿಗಳ ನಡುವೆ ಹಾಗೆ ಕೇಳಿಸಿತು.

ಹಣದ ತೊಡಕನ್ನು ಹೇಳುತ್ತೇನೆಂದಿದ್ದೆ. ಒಳ್ಳೆಯ ಬೆಳಕು, ಶುಚಿಯಾದ ಧ್ವನಿ, ನುರಿತ ಛಾಯಾಗ್ರಾಹಕ, ವೃತ್ತಿಪರ ತಾರೆಯರು ಇದ್ದಾಗ ಅತಿರೇಕ ಅಭಿನಯದಂತೆ ಕಾಣುತ್ತದೆ. ಮಗಳ ಪಾತ್ರದಲ್ಲಿ ಸೆಲ್ಮಾ ಬ್ಲೇರ್ ತೊಟ್ಟ ದೈತ್ಯ ಸ್ತನಗಳು ಚೆಂದದ ಕೈಕೆಲಸ ಎಂದು ಯಾರಿಗೂ ತಿಳಿಯುತ್ತದೆ. 'ಪಿಂಕ್ ಫ್ಲೆಮಿಂಗೋಸ್'ನ ಡಿವೈನ್ ಬಾಲ್ಟಿಮೋರಿನ ನಿಜವಾದ ಬೀದಿಯಲ್ಲಿ ನಡೆದುಹೋಗುವಾಗ ದಾರಿಹೋಕರು ತಿರುಗಿ ನೋಡುತ್ತಾರೆ; ಅವರಿಗೆ ಚಿತ್ರೀಕರಣದ ಸುಳಿವಿಲ್ಲ. ಶಾಲೆಯಲ್ಲಿ ಏಟು ತಿಂದ ಹುಡುಗ ಈಗ ಇಡೀ ಬೀದಿಯನ್ನು ಹೆದರಿಸುತ್ತಿದ್ದಾನೆ. ಆ ನಡಿಗೆಯಲ್ಲಿ ಇದ್ದದ್ದು ಕೇವಲ ಹಾಸ್ಯವಲ್ಲ, ಒಂದು ಜೀವ ಸೇಡು ತೀರಿಸಿಕೊಂಡ ಸಂತೋಷ. 1988ರ ನಂತರ ವಾಟರ್ಸ್ ಎಷ್ಟು ಒಳ್ಳೆಯ ನಟಿಯರನ್ನು ತಂದರೂ ಆ ಜಾಗ ತುಂಬಲಿಲ್ಲ. ಟ್ರೇಸಿ ಉಲ್ಮನ್ ಅದ್ಭುತ ನಟಿ. ಡಿವೈನ್ ನಟನೆಯನ್ನು ಮೀರಿದ ಇನ್ನೇನೋ ಆಗಿದ್ದರು.

ಕಲೆ ಇದೆಯೇ ಎಂದು ಕೇಳಿದಿರಿ. ಇದೆ ಎಂದು ನಾನು ನಂಬುತ್ತೇನೆ. ಅದು ಹೇಸಿಗೆಯಲ್ಲಿ ಇಲ್ಲ, ನಗುವಿನ ದಿಕ್ಕಿನಲ್ಲಿ ಇದೆ. ಅತಿರೇಕದ ಹಾಸ್ಯ ಬಹುಪಾಲು ಕುಳ್ಳನನ್ನು, ಕರಿಯನನ್ನು, ಹೆಣ್ಣಿಗನನ್ನು, ದಪ್ಪ ಹೆಂಗಸನ್ನು ನಡುವೆ ನಿಲ್ಲಿಸಿ ಸುತ್ತಲಿನವರನ್ನು ನಗಿಸುತ್ತದೆ. ವಾಟರ್ಸ್ ಇಂಥವರನ್ನೇ ಸುತ್ತ ಕೂರಿಸಿ, ಇವರ ಕಡೆಗೆ ಬೆರಳು ತೋರಿಸುವವನನ್ನು ನಡುವೆ ನಿಲ್ಲಿಸುತ್ತಾರೆ. 'ಎ ಡರ್ಟಿ ಶೇಮ್'ನಲ್ಲಿ ವಿಚಿತ್ರ ಚಟಗಳ ಒಬ್ಬೊಬ್ಬರನ್ನೂ ಪರಿಚಯಿಸುವಾಗ ಚಿತ್ರ ಅವರನ್ನು ಹಂಗಿಸುವುದಿಲ್ಲ. ಪಕ್ಕದ ಮನೆಗೆ ಬಂದ ದಢೂತಿ ಮೈಯ, ರೋಮಶ ಸಲಿಂಗಿ ಗೆಳೆಯರು ಆ ಬೀದಿಯ ಎಲ್ಲರಿಗಿಂತ ಸೌಜನ್ಯದ ನೆರೆಯವರು.

ಆದರೂ ಅವರ ಎಲ್ಲವನ್ನೂ ನಾನು ಸಮರ್ಥಿಸಲಾರೆ. 'ಪಿಂಕ್ ಫ್ಲೆಮಿಂಗೋಸ್'ನಲ್ಲಿ ಕೋಳಿಯನ್ನು ನಿಜವಾಗಿ ಕೊಲ್ಲುವ ದೃಶ್ಯವಿದೆ. ಕೂಡಿಹಾಕಿದ ಹೆಣ್ಣುಮಕ್ಕಳನ್ನು ಬಲವಂತವಾಗಿ ಬಸಿರು ಮಾಡಿ ಮಗು ಮಾರುವ ಎಳೆಯೂ ಇದೆ. ಖಳರ ಕೃತ್ಯವೇ ಆದರೂ ಅದನ್ನು ನಗುವಿಗೆ ಬಳಸಿದ್ದು ನನಗೆ ಅಂದೂ ಸಹಿಸಲಾಗಲಿಲ್ಲ, ಇಂದೂ ಆಗುವುದಿಲ್ಲ. ಅದೇ ಚಿತ್ರ 2021ರಲ್ಲಿ, ಕಾಪಾಡಿಡಬೇಕಾದ ಚಿತ್ರಗಳ ಸರ್ಕಾರಿ ಪಟ್ಟಿಯಾದ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲಾತಿಗೆ ಸೇರಿತು; ಮರುವರ್ಷ 'ಹೇರ್‌ಸ್ಪ್ರೇ' ಸೇರಿತು. ಇಬ್ಬರೂ ಒಂದೇ ಮನೆಯ ಮಕ್ಕಳೆಂದು ಕೊನೆಗೆ ಸರ್ಕಾರವೂ ಒಪ್ಪಿದಂತಾಯಿತು.

'ಎ ಡರ್ಟಿ ಶೇಮ್' ನಂತರ ಎರಡು ದಶಕ ಕಳೆದರೂ ಅವರ ನಿರ್ದೇಶನದಲ್ಲಿ ಇನ್ನೊಂದು ಚಿತ್ರ ಬರಲಿಲ್ಲ. ಪುಸ್ತಕಗಳನ್ನು ಬರೆದರು, ಒಬ್ಬರೇ ವೇದಿಕೆಯ ಮೇಲೆ ನಿಂತು ಮಾತಾಡುವ ಪ್ರದರ್ಶನಗಳನ್ನು ಊರೂರಿಗೆ ಒಯ್ದರು. 2022ರಲ್ಲಿ 'ಲೈಯರ್‌ಮೌತ್' ಎಂಬ ಮೊದಲ ಕಾದಂಬರಿ ಹೊರಬಂತು. ವಿಮಾನ ನಿಲ್ದಾಣಗಳಲ್ಲಿ ಪೆಟ್ಟಿಗೆ ಕದಿಯುವ ಹೆಂಗಸಿನ ಕತೆ. ಅದನ್ನು ಅವರೇ ಚಿತ್ರ ಮಾಡುತ್ತಾರೆ, ಆಬ್ರಿ ಪ್ಲಾಜಾ ನಾಯಕಿ ಎಂದು ಆಮೇಲೆ ಪ್ರಕಟವಾಯಿತು.

ನಿಮ್ಮ ಮನೆಯ ಮಟ್ಟಿಗೆ ನನ್ನ ಸಲಹೆ ಇದು. ಹಿರಿಯರ ಜೊತೆ ಮುಂದೆ ನೋಡುವುದಾದರೆ 'ಕ್ರೈ-ಬೇಬಿ' ಹಾಕಿ. ಹಾಡು ಕುಣಿತ ಇದೆ, ಅವರು ಏಳುವುದಿಲ್ಲ. ನಿಮಗಾಗಿ 'ಪಾಲಿಯೆಸ್ಟರ್' ಮತ್ತು 'ಫೀಮೇಲ್ ಟ್ರಬಲ್', ಇದೇ ಕ್ರಮದಲ್ಲಿ. ಮೊದಲನೆಯದರಲ್ಲಿ ಡಿವೈನ್ ಗಂಡನಿಂದ ನೊಂದ ಗೃಹಿಣಿ, ಎರಡನೆಯದರಲ್ಲಿ ಕ್ರಿಸ್ಮಸ್ಸಿಗೆ ಬೇಕೆಂದಿದ್ದ ಚಪ್ಪಲಿ ಸಿಗಲಿಲ್ಲವೆಂದು ಮನೆ ಬಿಟ್ಟು ಹೋಗಿ ಕೊಲೆಗಾತಿಯಾಗುವ ಹುಡುಗಿ. ಆ ಎರಡನ್ನೂ ನೋಡಿದ ಮೇಲೆ 'ಎ ಡರ್ಟಿ ಶೇಮ್' ಅನ್ನು ಇನ್ನೊಮ್ಮೆ ನೋಡಿ, ಸಾಧ್ಯವಾದರೆ ನಾಲ್ಕಾರು ಗೆಳೆಯರನ್ನು ಕರೆದುಕೊಂಡು, ರಾತ್ರಿ ಹನ್ನೆರಡಕ್ಕೆ.